ಪೈಪ್ ತಂಬಾಕನ್ನು ಹಿತ್ತಲಲ್ಲೇ ಬೆಳೆಯಬಹುದಾ?

ಈ ಅಂಕಣಕ್ಕೆ ಬರುವುದು ಹತ್ತಿ, ತೊಗರಿ, ಮೆಣಸಿನಕಾಯಿ, ಸವಳು ಹೊಲದ ಪ್ರಶ್ನೆಗಳು. ಈಚೆಗೆ ಮಾತ್ರ ತಂಬಾಕಿನದೇ ಸುಗ್ಗಿ. ಮೊದಲೆರಡು ಪತ್ರ ಬದಿಗಿಟ್ಟೆ. ಆರನೆಯದು ಬಂದಾಗ ಸುಮ್ನಿರಲು ಆಗಲಿಲ್ಲ.

ಪ್ರಶ್ನೆ: ಮೂವತ್ತು ವರ್ಷದಿಂದ ಪೈಪ್ ಸೇದುತ್ತೇನೆ. ಅಮೆರಿಕದಿಂದ ಮಗ ತರುತ್ತಿದ್ದ ತಂಬಾಕಿನ ಕಂಪನಿ ಮುಚ್ಚಿತು. ಆಮೇಲೆ ಹಿಡಿದ ಇನ್ನೊಂದೂ ಮುಚ್ಚಿತು. ಚಿಕ್ಕ ಕಂಪನಿಗಳೇ ಯಾಕೆ ಹೀಗೆ? ಗಂಗಾವತಿ ಹತ್ತಿರ ನನ್ನ ಕಾಲು ಎಕರೆ ಖಾಲಿ ಇದೆ. ನಾನೇ ಬೆಳೆದುಕೊಂಡರೆ ಹೇಗೆ? (ಬಳ್ಳಾರಿಯ ಓದುಗರು)

ಉತ್ತರ: ಮೊದಲು ಕಾಲು ಎಕರೆಯ ಲೆಕ್ಕ ಮುಗಿಸೋಣ. ವಾರಕ್ಕೆ 50 ಗ್ರಾಮಿನ ಒಂದು ಡಬ್ಬಿ ಅಂದರೂ ವರ್ಷಕ್ಕೆ ಎರಡೂವರೆ ಕೆಜಿ. ಚೆನ್ನಾಗಿ ಬಂದ ಒಂದು ಗಿಡ ಸುಮಾರು 100 ಗ್ರಾಂ ಒಣ ಎಲೆ ಕೊಡುತ್ತದೆ. ಇಪ್ಪತ್ತೈದು, ಮೂವತ್ತು ಗಿಡ ಸಾಕು. ಕಾಲು ಎಕರೆ ತುಂಬ ಹಾಕಿದರೆ 150 ಕೆಜಿ ಎಲೆ ಬರುತ್ತದೆ. ಯಾರು ಸೇದುತ್ತೀರಿ ಅಷ್ಟನ್ನು? ಆ ಜಾಗಕ್ಕೆ ಸಜ್ಜೆ ಹಾಕಿ.

ಈಗ ಕಂಪನಿಗಳ ವಿಷಯ. ಎಲ್ಲರೂ ತೆರಿಗೆ, ಕಾನೂನು ಅನ್ನುತ್ತಾರೆ. ಅದು ಅರ್ಧ ಸತ್ಯ. ಅಮೆರಿಕದಲ್ಲಿ 2016ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಪೈಪ್ ತಂಬಾಕನ್ನೂ ತನ್ನ ನಿಯಮದೊಳಗೆ ತಂದಿತು. 2007ರ ಫೆಬ್ರವರಿ 15ರಂದು ಮಾರುಕಟ್ಟೆಯಲ್ಲಿ ಇರದಿದ್ದ ಒಂದೊಂದು ಮಿಶ್ರಣಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಪರೀಕ್ಷೆ ಬೇಕಾಯಿತು. ನಿಮ್ಮೂರಿನ ಜೀನ್ಸ್ ಹೊಲಿಯುವವರಿಗೆ ಹೋಲಿಸಿ ನೋಡಿ. ಪ್ರತಿ ಡಿಸೈನಿಗೂ ಒಂದೊಂದು ಲೈಸೆನ್ಸ್ ಅಂದರೆ, ಲಕ್ಷ ಪ್ಯಾಂಟ್ ಹೊಲಿಯುವವನಿಗೆ ಅದು ಚಿಲ್ಲರೆ ಖರ್ಚು. ಐವತ್ತು ಡಿಸೈನು, ಡಿಸೈನಿಗೆ ಇನ್ನೂರು ಪ್ಯಾಂಟ್ ಹೊಲಿಯುವವನು ಶಟರ್ ಎಳೆಯುತ್ತಾನೆ. ಪೈಪ್ ತಂಬಾಕಿನ ಚಿಕ್ಕ ಅಂಗಡಿಯೆಂದರೆ ಹತ್ತಾರು ಮಿಶ್ರಣ, ಒಂದೊಂದರಲ್ಲೂ ಸ್ವಲ್ಪವೇ ಮಾಲು.

ಉಳಿದರ್ಧ ಎಲೆಯ ಕಥೆ. ಕ್ಯಾನ್ಸಾಸ್ ಸಿಟಿಯ ಮೆಕ್‌ಕ್ಲೆಲ್ಯಾಂಡ್ ಎಂಬ ಪೈಪ್ ತಂಬಾಕಿನ ಕಂಪನಿ 2018ರಲ್ಲಿ ಬಾಗಿಲು ಹಾಕಿತು. ಗಿರಾಕಿಗಳು ಸಾಲುಗಟ್ಟಿದ್ದರು. ಆದರೆ ಅವರಿಗೆ ಬೇಕಾದ ವರ್ಜೀನಿಯಾ ಜಾತಿಯ ಕೆಂಪು ಎಲೆ ಬೇಕಾದ ಹದದಲ್ಲಿ ಸಿಗುವುದು ನಿಂತಿತ್ತು. ಅಲ್ಲಿ ಯಾರು ಎಷ್ಟು ತಂಬಾಕು ಬೆಳೆಯಬೇಕೆಂದು ಸರ್ಕಾರ ಗೊತ್ತುಮಾಡುವ ಕೋಟಾ ಪದ್ಧತಿಯನ್ನು 2004ರ ಕಾನೂನು ತೆಗೆದುಹಾಕಿತ್ತು. ಎಷ್ಟೋ ಸಣ್ಣ ರೈತರು ಪರಿಹಾರದ ಹಣ ಪಡೆದು ಬೆಳೆಯನ್ನೇ ಬಿಟ್ಟಿದ್ದರು. ಉಳಿದವರು ಬೆಳೆಯುವುದು ಸಿಗರೇಟು ಕಂಪನಿ ಕೇಳಿದ್ದನ್ನು. ನಾಲ್ಕು ಮೂಟೆ ಕೊಳ್ಳುವವನ ಮಾತು ಅಲ್ಲಿ ಯಾರು ಕೇಳಬೇಕು? ಸಿಕ್ಕ ಎಲೆಯನ್ನೂ ವರ್ಷಗಟ್ಟಲೆ ಕೂಡಿಟ್ಟು ಹಳೆಯದು ಮಾಡಬೇಕು. ಅಷ್ಟೂ ದಿನ ದುಡ್ಡು ಗೋದಾಮಿನಲ್ಲಿ ಮಲಗಿರುತ್ತದೆ. ಮಾಲೀಕನಿಗೆ ವಯಸ್ಸಾಗಿರುತ್ತದೆ. ಮಕ್ಕಳು ಬೇರೆ ಕೆಲಸ ಹಿಡಿದಿರುತ್ತಾರೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಅವರ ಅಂಗಡಿ ಮುಚ್ಚಿಸಿದ ಎಲೆಯೇ ನಿಮ್ಮ ಹಿತ್ತಲಲ್ಲೂ ಕೈ ಕೊಡುತ್ತದೆ. ಗಿಡ ಬೆಳೆಯುವುದು ದೊಡ್ಡ ವಿಷಯವಲ್ಲ. ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಜಾಸ್ತಿ ಬೀಜ. ಮಣ್ಣಿನ ಮೇಲೆ ಉದುರಿಸಬೇಕು, ಮುಚ್ಚಬಾರದು, ಬೆಳಕು ಬಿದ್ದರೇ ಮೊಳಕೆ. ಮುಂದಿನದು ಬದನೆ ಬೆಳೆದವರಿಗೆ ಹೇಳಬೇಕಾಗಿಲ್ಲ.

ತೊಂದರೆ ಶುರುವಾಗುವುದು ನೀರಿನಿಂದ. ತಂಬಾಕು ಉಪ್ಪಿನೊಳಗಿನ ಕ್ಲೋರೈಡನ್ನು ಆಸೆಯಿಂದ ಹೀರುತ್ತದೆ. ಅದು ಹೆಚ್ಚಾದ ಎಲೆ ತೇವ ಬಿಡುವುದಿಲ್ಲ, ಸರಿಯಾಗಿ ಉರಿಯುವುದಿಲ್ಲ. ಲೀಟರಿಗೆ 50 ಮಿಲಿಗ್ರಾಂ ದಾಟಿದ ನೀರು ಒಳ್ಳೆಯ ಎಲೆಗೆ ಆಗಿಬರುವುದಿಲ್ಲ. ನಮ್ಮ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದರ ಹಲವು ಪಟ್ಟು ಇರುತ್ತದೆ. ತುಂಗಭದ್ರೆಯ ಕಾಲುವೆ ನೀರು ಸಿಹಿ, ಒಪ್ಪಿದೆ. ಆದರೆ ಗಂಗಾವತಿ, ಸಿಂಧನೂರು ಕಡೆ ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ ತಗ್ಗಿನ ಎರೆ ಹೊಲಗಳು ಸವಳಾಗಿವೆ.

ಕೆಲವು ವರ್ಷದ ಹಿಂದೆ ಒಬ್ಬ ರೈತರು ಅಂಥ ಹೊಲದ ಎಲೆ ತಂದು ಮೇಜಿನ ಮೇಲಿಟ್ಟರು. ನೋಡಲು ಭಾರಿ ಚೆಂದ. ಅಗಲ, ದಪ್ಪ, ಕಂದು ಬಣ್ಣ. ಮುಟ್ಟಿದರೆ ಮಾತ್ರ ಒದ್ದೆ ಚರ್ಮ ಮುಟ್ಟಿದ ಹಾಗೆ. ಹೊರಗೆ ಬಿಸಿಲು ಸುಡುತ್ತಿತ್ತು, ಎಲೆ ಮಾತ್ರ ಒಣಗಿರಲಿಲ್ಲ. ಕಡ್ಡಿ ಗೀರಿ ಅಂಚಿಗೆ ಹಿಡಿದೆ. ಕೆಂಡ ಬೆರಳಿನಗಲ ಹರಿದು ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೂರನೇ ಸಲ ಉದುರಿದ ಬೂದಿ ಕಪ್ಪಗೆ, ಇದ್ದಿಲ ಪುಡಿಯ ಹಾಗಿತ್ತು. ಸರಿಯಾದ ಎಲೆಯ ಬೂದಿ ಬೆಳ್ಳಗಿರಬೇಕು. "ಗೊಬ್ಬರ ಏನು ಹಾಕಿದ್ದಿರಿ?" ಅಂದೆ. "ಪೊಟ್ಯಾಷ್, ಸರ್." ಅಂಗಡಿಯ ಮಾಮೂಲಿ ಪೊಟ್ಯಾಷ್ ಅಂದರೆ ಮ್ಯೂರಿಯೇಟ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಸವಳಿನ ಮೇಲೆ ಇನ್ನಷ್ಟು ಸವಳು. ತಂಬಾಕಿಗೆ ಹಾಕುವುದಾದರೆ ಸಲ್ಫೇಟ್ ಆಫ್ ಪೊಟ್ಯಾಷ್ ಮಾತ್ರ.

ನೀರು, ಮಣ್ಣು ಎರಡೂ ಸರಿ ಇವೆ ಅಂದುಕೊಳ್ಳಿ. ಆಮೇಲೆ ನಮ್ಮ ಗಾಳಿ ಇದೆ. ಕಿತ್ತ ಎಲೆ ಕೂಡಲೇ ಸಾಯಬಾರದು. ಜೀವ ಇರುವಾಗಲೇ ನಿಧಾನಕ್ಕೆ ಹಳದಿಯಾಗಿ, ಆಮೇಲೆ ಕಂದಾಗಬೇಕು. ಒಳಗಿನ ಪಿಷ್ಟ ಕರಗುವುದು ಆ ಹೊತ್ತಿನಲ್ಲೇ. ನೆರಳಲ್ಲಿ ತೂಗುಹಾಕಿ ಒಣಗಿಸಲು ಆರರಿಂದ ಎಂಟು ವಾರ ಬೇಕು, ಗಾಳಿಯಲ್ಲಿ ತೇವ 65ರಿಂದ 70 ಶೇಕಡಾ ಇರಬೇಕು. ಜನವರಿಯ ರಾಯಚೂರಲ್ಲಿ ಎಲ್ಲಿ ತರುತ್ತೀರಿ ಆ ತೇವ? ನಾನೂ ಹಿಂದೊಮ್ಮೆ ಹಿತ್ತಲಲ್ಲಿ ಹನ್ನೆರಡು ಗಿಡ ಹಾಕಿದ್ದೆ, ಕುತೂಹಲಕ್ಕೆ. ಆಳೆತ್ತರ ಬಂದವು. ಎಲೆ ಪಡಸಾಲೆಯಲ್ಲಿ ಕಟ್ಟಿದೆ. ನಾಲ್ಕನೇ ದಿನಕ್ಕೆ ಹಪ್ಪಳ! ಬಣ್ಣ ಹಚ್ಚ ಹಸಿರು. ಒಮ್ಮೆ ಹಸಿರಾಗಿ ಒಣಗಿದ ಎಲೆಯನ್ನು ಆ ಬ್ರಹ್ಮ ಬಂದರೂ ಹಳದಿ ಮಾಡಲಾರ. ಸ್ನೇಹಿತರೊಬ್ಬರು ಸೇದಿ, "ಮೇವಿನ ಬಣವೆಗೆ ಬೆಂಕಿ ಬಿದ್ದಂಗಿದೆ" ಅಂದರು.

ಕಿಟಕಿ ಕಡಿಮೆ ಇರುವ ಕೋಣೆ, ಸುತ್ತ ಒದ್ದೆ ಗೋಣಿಚೀಲ, ದಿನಕ್ಕೆರಡು ಸಲ ನೀರು ಚಿಮುಕಿಸುವುದು: ಹೀಗೆ ಮಾಡಿದರೆ ಸ್ವಲ್ಪ ಸುಧಾರಿಸುತ್ತದೆ. ಜಾಸ್ತಿ ತೇವ ಮಾಡಿದರೆ ಬೂಸ್ಟು. ನಡುದಂಟು ಟಕ್ ಅಂತ ಮುರಿಯುವಷ್ಟು ಒಣಗುವ ತನಕ ಎಲೆ ಇಳಿಸಿ ಕಂತೆ ಕಟ್ಟಬೇಡಿ, ಒಳಗಿಂದ ಕೊಳೆಯುತ್ತದೆ. ಆಮೇಲೆ ಕನಿಷ್ಠ ಒಂದು ವರ್ಷ ಮುಟ್ಟಬೇಡಿ. ಇಷ್ಟಾದ ಮೇಲೂ ಸಿಗುವುದು ಒಂದು ಬಗೆಯ ಎಲೆ. ನಿಮ್ಮ ಡಬ್ಬಿಯಲ್ಲಿ ಇದ್ದದ್ದು ಮೂರ್ನಾಲ್ಕು ಊರಿನ ಎಲೆಗಳ ಮಿಶ್ರಣ, ಅಲ್ವಾ?

ಇನ್ನೊಂದು ಮಾತು. ಮೇಲೆ ಹೇಳಿದ ವರ್ಜೀನಿಯಾವನ್ನು 1975ರ ತಂಬಾಕು ಮಂಡಳಿ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಬೆಳೆಯುವಂತಿಲ್ಲ. ನಮ್ಮ ರಾಜ್ಯದಲ್ಲಿ ಅದರ ಸೀಮೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ. ಅಲ್ಲಿನ ಮಳೆ ಬೇರೆ, ಮಣ್ಣು ಬೇರೆ, ಎಲೆಗೆ ಬಿಸಿ ಕೊಡುವ ಬ್ಯಾರನ್ ಬೇರೆ. ನಾಟಿ ಜಾತಿಗೆ ಮಂಡಳಿಯ ಗೊಡವೆ ಇಲ್ಲ, ಆದರೆ ಅದು ಪೈಪಿಗೆ ಖಾರ. ಹಟ ಇದ್ದರೆ ಕುಂಡದಲ್ಲಿ ಮಸಾರಿ ಮಣ್ಣು ತುಂಬಿ, ಮಳೆನೀರು ಹಿಡಿದಿಟ್ಟು, ನಾಲ್ಕು ನಾಟಿ ಗಿಡ ಹಾಕಿ ನೋಡಿ. ಹೂವಂತೂ ಚೆನ್ನಾಗಿರುತ್ತದೆ. ಬೆಳಿಗ್ಗೆ ಇಬ್ಬನಿ ಇರುವಾಗ ಬರಿಗೈಯಲ್ಲಿ ಎಲೆ ಕೀಳಬೇಡಿ. ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗಿ ತಲೆ ತಿರುಗಿ ವಾಂತಿಯಾಗುತ್ತದೆ. ತಂಬಾಕು ಹೊಲದ ಕೂಲಿಯವರಿಗೆ ಇದು ಚೆನ್ನಾಗಿ ಗೊತ್ತು.

ಪ್ರಶ್ನೆ: ಮನೆಯಲ್ಲೇ ಬೆಳೆದ ಸಾವಯವ ತಂಬಾಕಿನಿಂದ ಕ್ಯಾನ್ಸರ್ ಬರಲ್ಲ ಅಂತ ಒಬ್ಬ ನಾಟಿ ವೈದ್ಯರು ಹೇಳಿದರು. ನಿಜವೇ? (ಕೊಪ್ಪಳ)

ಉತ್ತರ: ಸುಳ್ಳು. ಕ್ಯಾನ್ಸರ್ ತರುವ ನೈಟ್ರೊಸಮೈನ್‌ಗಳು ಎಲೆ ಹದವಾಗುವಾಗ ಎಲೆಯೊಳಗೇ ಹುಟ್ಟುತ್ತವೆ, ಟಾರು ಸುಟ್ಟಾಗ ಹುಟ್ಟುತ್ತದೆ. ಸಗಣಿ ಗೊಬ್ಬರ ಹಾಕಿದ ಮಾತ್ರಕ್ಕೆ ಎರಡೂ ಹೋಗಲ್ಲ. ಆ ವೈದ್ಯರ ಹತ್ತಿರ ಇನ್ನು ಹೋಗಬೇಡಿ.

ಪ್ರಶ್ನೆ: ಪೈಪ್ ಹೊಗೆಯನ್ನು ಒಳಗೆ ಎಳೆಯುವುದಿಲ್ಲವಲ್ಲ, ಅಪಾಯ ಏನು? (ಹೊಸಪೇಟೆ)

ಉತ್ತರ: ತುಟಿ, ನಾಲಿಗೆ, ಗಂಟಲು ಹೊರಗಿವೆಯಾ? ಬಿಡುವ ಮನಸ್ಸಿದ್ದರೆ 1800-11-2356ಕ್ಕೆ ಫೋನ್ ಮಾಡಿ, ಉಚಿತ.

ಪ್ರಶ್ನೆ: ವಿದೇಶದಿಂದ ತಂಬಾಕು ಬೀಜವನ್ನು ಅಂಚೆಯಲ್ಲಿ ತರಿಸಬಹುದೇ? (ರಾಯಚೂರು)

ಉತ್ತರ: ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಇಲ್ಲ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಹೊಲದ ಬದುವಿಗೆ ತಂಬಾಕು ಹಾಕಿದರೆ ಹುಳ ಬರಲ್ಲವಂತೆ? (ಸಿರುಗುಪ್ಪ)

ಉತ್ತರ: ಯಾರು ಹೇಳಿದ್ದು? ನಿಮ್ಮ ಮೆಣಸಿನಕಾಯಿ ಕೊರೆಯುವ ಹುಳಗಳಲ್ಲಿ ಒಂದರ ಹೆಸರೇ ತಂಬಾಕು ಹುಳ. ಮೊಸಾಯಿಕ್ ವೈರಸ್ ಕೂಡ ಎರಡಕ್ಕೂ ಸಾಮಾನ್ಯ, ಒಣ ಎಲೆಯಲ್ಲೂ ವರ್ಷಗಟ್ಟಲೆ ಬದುಕಿರುತ್ತದೆ. ಬೀಡಿ ಸೇದಿದ ಕೈಯಲ್ಲಿ ಮೆಣಸಿನ ಸಸಿ ಮುಟ್ಟಬೇಡಿ, ಸೋಪು ಹಚ್ಚಿ ತೊಳೆದುಕೊಳ್ಳಿ. ಹುಳಕ್ಕೆ ಬಲೆ ಬೇಕೆಂದರೆ ಬದುವಿಗೆ ಔಡಲ ಹಾಕಿ. ಅದರ ಎಲೆಯಡಿ ಇಟ್ಟ ಮೊಟ್ಟೆ ಗುಂಪನ್ನು ಎಲೆ ಸಮೇತ ಕಿತ್ತು ನಾಶ ಮಾಡಿ.

ಪ್ರಶ್ನೆ: ಎಮ್ಮೆಯ ಉಣ್ಣಿಗೆ ಹೊಗೆಸೊಪ್ಪಿನ ಕಷಾಯ ಹಚ್ಚಬಹುದೇ? (ಸಿಂಧನೂರು)

ಉತ್ತರ: ಬೇಡ. ಉಣ್ಣಿ ಸಾಯುತ್ತದೋ ಇಲ್ಲವೋ, ಮೈ ನೆಕ್ಕಿಕೊಂಡ ಎಮ್ಮೆ ಸಾಯಬಹುದು. ಪಶು ಆಸ್ಪತ್ರೆಗೆ ಹೋಗಿ.

ಸವಳು ಹೊಲದವರ ಪತ್ರಗಳು ಮುಂದಿನ ವಾರಕ್ಕೆ. ನೀರಿನ ಪರೀಕ್ಷೆಯ ಚೀಟಿ ಲಗತ್ತಿಸದ ಪತ್ರಗಳನ್ನು ತೆರೆಯುವುದಿಲ್ಲ.