ಫ್ಯಾಟಿ ಲಿವರ್ ಇದ್ದಾಗ ಯಾವ ಶುಗರ್ ಪರೀಕ್ಷೆಯನ್ನು ನಂಬಬೇಕು?

ಪ್ರಶ್ನೆ: ನನಗೆ 43 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸ ಮಾಡುತ್ತೇನೆ. ಹೊಟ್ಟೆನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ಗ್ರೇಡ್ 2 ಫ್ಯಾಟಿ ಲಿವರ್ ಎಂದು ಬಂತು. ಖಾಲಿ ಹೊಟ್ಟೆಯ ಶುಗರ್ 96, ಮೂರು ತಿಂಗಳ ಶುಗರ್ 6.3, ಹಿಮೋಗ್ಲೋಬಿನ್ 9.2. ಮುಟ್ಟಿನ ಸ್ರಾವ ಮೊದಲಿಂದಲೂ ಜಾಸ್ತಿ, ಕಬ್ಬಿಣಾಂಶ ಕಡಿಮೆ ಎಂದಿದ್ದಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಲ್ಯಾಬಿನವರು ‘ಶುಗರ್ ಇಲ್ಲ’ ಅಂದರು, ನರ್ಸ್ ಆಗಿರುವ ಅಕ್ಕನ ಮಗಳು ‘ಶುರುವಾಗಿದೆ’ ಅನ್ನುತ್ತಾಳೆ. ಯಾವುದು ನಿಜ?

ಉತ್ತರ: ಇಬ್ಬರ ಮಾತನ್ನೂ ಈಗಲೇ ಒಪ್ಪಬೇಡಿ ಅಮ್ಮಾ. ನಿಮ್ಮ ವಿಷಯದಲ್ಲಿ ಎರಡೂ ಅಂಕಿಗಳು ದಾರಿ ತಪ್ಪಿಸಬಲ್ಲವು.

ಮೊದಲು 96. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ ಎಂಬುದೇನೋ ನಿಜ. ಆದರೆ ಲಿವರ್‌ನಲ್ಲಿ ಕೊಬ್ಬು ತುಂಬಿದವರಿಗೆ ಇನ್ಸುಲಿನ್ ಮಾತು ನಾಟುವುದಿಲ್ಲ. ಮೇದೋಜೀರಕ ಗ್ರಂಥಿ ರಾತ್ರಿಯಿಡೀ ಹೆಚ್ಚು ಇನ್ಸುಲಿನ್ ಸುರಿಸಿ ಬೆಳಗಿನ ಸಕ್ಕರೆಯನ್ನು ಹಿಡಿತದಲ್ಲಿ ಇಟ್ಟಿರುತ್ತದೆ. ಊಟದ ಹೊರೆ ಬಿದ್ದಾಗ ಅದರ ಕೈ ಸಾಲುವುದಿಲ್ಲ. ಹೀಗೆ ಬೆಳಗ್ಗೆ ಚೆನ್ನಾಗಿದ್ದು, ಉಂಡ ಎರಡು ಗಂಟೆಗೆ ಸಕ್ಕರೆ ಏರಿರುವವರು ಫ್ಯಾಟಿ ಲಿವರ್ ಇರುವವರಲ್ಲಿ ಕಡಿಮೆಯೇನಿಲ್ಲ. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನೋಡಿ ಕಳಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು 6.3. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹ. ಈ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು. ಕಣದ ಆಯಸ್ಸು ಸುಮಾರು 120 ದಿನ. ಕಬ್ಬಿಣಾಂಶ ಕಡಿಮೆಯಾದಾಗ ಹೊಸ ಕಣಗಳು ಹುಟ್ಟುವುದು ನಿಧಾನವಾಗಿ, ಹಳೆಯವೇ ಹೆಚ್ಚು ಉಳಿಯುತ್ತವೆ. ಹಳೆಯದಕ್ಕೆ ಸಕ್ಕರೆ ಹೆಚ್ಚು ಅಂಟಿರುತ್ತದೆ. ಹಾಗಾಗಿ ನಿಮ್ಮ 6.3ರಲ್ಲಿ ಸ್ವಲ್ಪ ಪಾಲು ರಕ್ತಹೀನತೆಯದ್ದೂ ಇರಬಹುದು. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವರಲ್ಲಿ ಇದರ ಉಲ್ಟಾ: ಗುಲ್ಮ (ಸ್ಪ್ಲೀನ್) ಊದಿಕೊಂಡು ಕಣಗಳು ಬೇಗ ಸಾಯುತ್ತವೆ, ಸಕ್ಕರೆ ಜಾಸ್ತಿಯಿದ್ದರೂ ಅಂಕಿ ಕಡಿಮೆ ಬರುತ್ತದೆ. ನಿಮ್ಮ ಸ್ಕ್ಯಾನ್‌ನಲ್ಲಿ ಅಂಥದ್ದೇನೂ ಬರೆದಿಲ್ಲ.

ಆದ್ದರಿಂದ ನೀವು ಜಿಟಿಟಿ, ಅಂದರೆ ಗ್ಲೂಕೋಸ್ ಕುಡಿಸಿ ಸಕ್ಕರೆ ನೋಡುವ ಪರೀಕ್ಷೆ, ಮಾಡಿಸಿ. ಇದಕ್ಕೆ ರಕ್ತಕಣಗಳ ವಯಸ್ಸಿನ ಹಂಗಿಲ್ಲ. ಹಿಂದಿನ ಮೂರು ದಿನ ಮುದ್ದೆ, ಅನ್ನ ಎಂದಿನಂತೆ ಉಣ್ಣಿ. ಹೆದರಿ ಊಟ ಬಿಟ್ಟರೆ ಸಕ್ಕರೆ ಸುಳ್ಳಾಗಿ ಏರಿ ಕಾಣಬಹುದು. ರಾತ್ರಿ ಉಂಡ ಮೇಲೆ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಏನೂ ಬೇಡ. ಬೆಳಗ್ಗೆ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರನ್ನು ಐದು ನಿಮಿಷದೊಳಗೆ ಕುಡಿದು, ಸರಿಯಾಗಿ ಎರಡು ಗಂಟೆಗೆ ಮತ್ತೆ ರಕ್ತ ಕೊಡಬೇಕು. ಅಲ್ಲಿಯವರೆಗೆ ಕೂತೇ ಇರಿ. ಒಬ್ಬರು ಗ್ಲೂಕೋಸ್ ಕುಡಿದವರೇ ‘ಗೂಡಿನ ಮಾರ್ಕೆಟ್ಟಿಗೆ ಹೋಗಿಬರ್ತೀನಿ ಸಾರ್’ ಅಂತ ಹೊರಟು, ಎರಡೂವರೆ ಗಂಟೆ ಕಳೆದು ಬೆವರು ಒರೆಸಿಕೊಳ್ಳುತ್ತಾ ಬಂದರು. ನಡೆದಾಗ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಇನ್ನೊಂದು ದಿನ ಮತ್ತೆ ಮಾಡಿಸಬೇಕಾಯಿತು, ಪಾಪ ಅವರ ಕೂಲಿಯೂ ಹೋಯಿತು.

ಎರಡು ಗಂಟೆಯ ಅಂಕಿ 140ರ ಒಳಗಿದ್ದರೆ ಸದ್ಯಕ್ಕೆ ನಿರಾಳ. 140ರಿಂದ 199 ಹೊಸ್ತಿಲು. 200 ಮತ್ತು ಮೇಲೆ ಬಂದರೆ ಇನ್ನೊಂದು ದಿನ ಖಚಿತಪಡಿಸಿಕೊಳ್ಳುತ್ತೇವೆ. ಬೆರಳು ಚುಚ್ಚುವ ಮೀಟರ್ ಇದಕ್ಕೆ ಸಾಲದು, ಲ್ಯಾಬಿನ ರಕ್ತವೇ ಬೇಕು.

ಸ್ರಾವಕ್ಕೆ ಸ್ತ್ರೀರೋಗ ತಜ್ಞರನ್ನು ಖಂಡಿತ ಕಾಣಿ. ಕಬ್ಬಿಣದ ಮಾತ್ರೆಯಿಂದ ಹಿಮೋಗ್ಲೋಬಿನ್ ಸರಿಹೋದ ಮೂರು ತಿಂಗಳಿಗೆ ಆ 6.3ನ್ನು ಮತ್ತೆ ನೋಡಿಸಿ, ಆಗ ಅದರ ಮಾತಿಗೆ ಬೆಲೆಯಿದೆ. ಜಿಟಿಟಿಗೆ ರಕ್ತ ತೆಗೆಯುವಾಗಲೇ ಲಿವರ್‌ನ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಜೊತೆಗೆ ಪ್ಲೇಟ್‌ಲೆಟ್ ಪರೀಕ್ಷೆಯನ್ನೂ ಮಾಡಿಸಿ. ನಿಮ್ಮ ವಯಸ್ಸಿನೊಂದಿಗೆ ಇವು ಮೂರನ್ನು ಸೇರಿಸಿ ವೈದ್ಯರು ಫಿಬ್-4 ಲೆಕ್ಕ ಹಾಕುತ್ತಾರೆ, ಅದು 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ.