ಓದುಗರ ಪ್ರಶ್ನೆ: ನೆಲದಲ್ಲಿ ಹೂತ ವೈನ್ ಕೆಡಲ್ವಾ?

ಪ್ರಶ್ನೆ: ಮಗಳು ಜಾರ್ಜಿಯಾದ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ರಜೆಗೆ ಆ ದೇಶದ ಪೂರ್ವ ಭಾಗದ ಕಾಖೇಟಿಯಲ್ಲಿರುವ ಗೆಳತಿಯ ಮನೆಗೆ ಹೋಗಿದ್ದಳು. ಅವರದ್ದು ಸಣ್ಣ ದ್ರಾಕ್ಷಿ ತೋಟ. ನೆಲದಲ್ಲಿ ಹೂತ ಮಣ್ಣಿನ ಹಂಡೆಯಲ್ಲಿ ವೈನ್ ಮಾಡ್ತಾರಂತೆ, ಯೀಸ್ಟ್ ಕೂಡ ಹಾಕಲ್ವಂತೆ. ಸುಮ್ನೆ ಬಿಟ್ಟರೆ ವಿನೆಗರ್ ಆಗಲ್ವಾ?
– ದಾವಣಗೆರೆಯ ಓದುಗರು

ಉತ್ತರ: ಸುಮ್ನೆ ಬಿಟ್ಟರೆ ಖಂಡಿತ ಆಗುತ್ತದೆ. ಅವರು ಸುಮ್ನೆ ಬಿಡುವುದಿಲ್ಲ!

ಆ ಹಂಡೆಯ ಹೆಸರು ಕ್ವೆವ್ರಿ, ಅದಿರುವ ಕೋಣೆ ಮರಾನಿ. ಮೊಟ್ಟೆಯ ಆಕಾರ, ಚೂಪು ತಳ, ಒಳಗೆ ಜೇನುಮೇಣದ ಲೇಪ, ನೆಲದ ಮಟ್ಟಕ್ಕೆ ಬಾಯಿ ಮಾತ್ರ. ಸುಗ್ಗಿಯಲ್ಲಿ ನೆಂಟರಿಷ್ಟರೆಲ್ಲ ಸೇರಿ ಹಣ್ಣು ಕೊಯ್ದು, ಮರದ ದೋಣಿಯಂಥ ತೊಟ್ಟಿಯಲ್ಲಿ ಕಾಲಲ್ಲಿ ತುಳಿದು, ರಸದ ಜತೆ ಸಿಪ್ಪೆ, ಬೀಜ, ಕೆಲವರು ತೊಟ್ಟನ್ನೂ ಸೇರಿಸಿ ಒಳಗೆ ಸುರಿಯುತ್ತಾರೆ. ಯೀಸ್ಟ್ ಹಣ್ಣಿನ ಮೇಲೂ ಮರಾನಿಯಲ್ಲೂ ಇದ್ದೇ ಇರುತ್ತದೆ. ನಮ್ಮ ದೋಸೆ ಹಿಟ್ಟು ಹುಳಿ ಬರೋಕೆ ಅಂಗಡಿಯಿಂದ ಪೊಟ್ಟಣ ತರ್ತೀವಾ?

ಹುದುಗುವಾಗ ಸಿಪ್ಪೆ ಮೇಲೆದ್ದು ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಒಳಕ್ಕೆ ತಳ್ಳಬೇಕು. ಮರೆತು ಒಣಗಲು ಬಿಟ್ಟರೆ ನೀವು ಹೇಳಿದ ವಿನೆಗರ್ ವಾಸನೆ ಶುರು. ಹುದುಗು ನಿಂತ ಮೇಲೆ ಕಲ್ಲಿನ ಮುಚ್ಚಳ ಹಾಕಿ, ಅಂಚಿಗೆ ಜೇಡಿಮಣ್ಣು ಮೆತ್ತಿ, ವಸಂತದವರೆಗೆ ಬಿಡುತ್ತಾರೆ. ಮಣ್ಣಿನ ತಂಪು ಕಾಯುತ್ತದೆ. ಬೀಜಗಳು ಚೂಪು ತಳದಲ್ಲಿ ಕೂತು, ಮೇಲೆ ಯೀಸ್ಟಿನ ಗಸಿ ಮುಚ್ಚಿಕೊಳ್ಳುವುದರಿಂದ ಕಹಿಯೂ ಜಾಸ್ತಿ ಇಳಿಯುವುದಿಲ್ಲ.

ನಿಜವಾದ ದುಡಿಮೆ ಇರುವುದು ಹಂಡೆ ಖಾಲಿಯಾದ ಮೇಲೆ. ಚೆರ್ರಿ ಮರದ ತೊಗಟೆಯ ಕುಂಚವನ್ನು ಉದ್ದ ಕೋಲಿಗೆ ಕಟ್ಟಿ ತಿಕ್ಕುತ್ತಾರೆ, ಸುಣ್ಣ ಬಳಿಯುತ್ತಾರೆ, ತೊಳೆದ ನೀರು ತಿಳಿಯಾಗುವ ತನಕ ತೊಳೆಯುತ್ತಲೇ ಇರುತ್ತಾರೆ. ದೊಡ್ಡ ಕ್ವೆವ್ರಿಯಾದರೆ ಮನುಷ್ಯನೇ ಒಳಗಿಳಿಯಬೇಕು. ಕೆಲವರು ಗಂಧಕದ ಹೊಗೆಯನ್ನೂ ಹಾಕುತ್ತಾರೆ, ಹಾಗಾಗಿ 'ಏನೂ ಹಾಕಲ್ಲ' ಅನ್ನುವ ಮಾತನ್ನು ಸ್ವಲ್ಪ ಸಡಿಲವಾಗಿ ತಗೊಳ್ಳಿ. ನನ್ನ ಕೇಳಿದರೆ ಇದು ತಿಕ್ಕಿ ತೊಳೆದು ಮಾಡುವ ವೈನ್.

ಪ್ರಶ್ನೆ: ಬಿಳಿ ದ್ರಾಕ್ಷಿಯದ್ದಂತೆ, ಫೋಟೋದಲ್ಲಿ ನೋಡಿದರೆ ಕಿತ್ತಳೆ ಬಣ್ಣ. ಕಲಬೆರಕೆಯಾ?
– ಅದೇ ಓದುಗರು

ಉತ್ತರ: ಅಲ್ಲ. ಅದು ರ್ಕಾತ್ಸಿತೇಲಿ ತಳಿ ಇರಬಹುದು, ಕಾಖೇಟಿಯಲ್ಲಿ ಎಲ್ಲೆಲ್ಲೂ ಅದೇ. ಐದಾರು ತಿಂಗಳು ಸಿಪ್ಪೆಯ ಜತೆ ಇದ್ದರೆ ಬಣ್ಣವೂ ಒಗರೂ ಇಳಿಯುತ್ತದೆ. ಚಹಾ ಸೊಪ್ಪನ್ನು ನೀರಲ್ಲೇ ಮರೆತ ಹಾಗೆ. ಪಶ್ಚಿಮ ಜಾರ್ಜಿಯಾದ ಇಮೆರೇಟಿಯಲ್ಲಿ ಸಿಪ್ಪೆ ಕಡಿಮೆ ಹಾಕುತ್ತಾರೆ, ಅಲ್ಲಿನದು ತಿಳಿ ಬಣ್ಣ. ಈ ಕ್ವೆವ್ರಿ ಪದ್ಧತಿ 2013ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಜಾರ್ಜಿಯಾದಲ್ಲಿ ವೈನಿನ ಚರಿತ್ರೆ ಮಾತ್ರ ಸುಮಾರು 8,000 ವರ್ಷದ್ದು. ಅಷ್ಟು ಹಳೆಯ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಕುರುಹು ಸಿಕ್ಕಿದೆ.

ಪ್ರಶ್ನೆ: ಅಜ್ಜಿಯ ಉಪ್ಪಿನಕಾಯಿ ಭರಣಿಯಲ್ಲಿ ಹೀಗೇ ಮಾಡಿ ನೋಡಲಾ?
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಭರಣಿ ಪರವಾಗಿಲ್ಲ, ಅದರೊಳಗಿನ ಎಣ್ಣೆ, ಇಂಗಿನ ವಾಸನೆ ಹೋಗಬೇಕಲ್ಲ! ಹುದುಗುವಾಗ ಗ್ಯಾಸ್ ಬರುತ್ತದೆ, ಮುಚ್ಚಳ ಬಿಗಿ ಮಾಡಬೇಡಿ, ಬಟ್ಟೆ ಕಟ್ಟಿ. ಇನ್ನು ನಿಮ್ಮ ಕಡೆ ಸಿಗುವುದು ಬೆಂಗಳೂರು ಬ್ಲೂ, ಅದಕ್ಕೆ ತನ್ನದೇ ಘಾಟು ಪರಿಮಳ. ಕಾಖೇಟಿ ರುಚಿ ಬರಲ್ಲ, ಕ್ರಿಸ್‌ಮಸ್ ಕೇಕ್ ಜತೆ ನಂಚಿಕೊಳ್ಳುವ ವೈನ್ ಬರುತ್ತದೆ.