ಏಳಡಿ ಹುಡುಗನ ಮೇಲೆ ದುಡ್ಡು ಹಾಕೋದು ಹುಚ್ಚಾ?

ಯುರೋಪಿನಲ್ಲಿ ಬೆಂಚು ಕಾಯ್ತಿದ್ದ ಏಳಡಿ ಹುಡುಗನನ್ನ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ತಂಡ ಕರೆಸಿಕೊಳ್ಳೋದು ಹುಚ್ಚಲ್ವಾ ಅಂತ ಮಂಡ್ಯದಿಂದ ಕೇಳಿದ್ದೀರಿ. ಡ್ರಾಫ್ಟಲ್ಲಿ, ಅಂದ್ರೆ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸೋವಾಗ, ಎಷ್ಟನೇ ಸರದೀಲಿ ತಗೊಂಡ್ರು ಅನ್ನೋದರ ಮೇಲಿದೆ ಸಾರ್. 2003ರಲ್ಲಿ ಡೆಟ್ರಾಯಿಟ್ ತಂಡ ಎರಡನೇ ಆಯ್ಕೆಯಲ್ಲೇ ಸರ್ಬಿಯಾದ ಏಳಡಿ ಹುಡುಗ ಡಾರ್ಕೊ ಮಿಲಿಚಿಚ್‌ನ ಎತ್ತಿಕೊಂಡು ಕೈ ಸುಟ್ಟುಕೊಳ್ತು. ಮುಂದೆ ದೊಡ್ಡ ತಾರೆಯರಾದ ಕಾರ್ಮೆಲೊ, ಬಾಷ್, ವೇಡ್ ಮೂವರೂ ಆ ಸರದೀಲಿ ಅವನ ಹಿಂದೆ ಇದ್ದರು. (ಮುಂದಿನ ವರ್ಷವೇ ಅವನಿಗೆ ಚಾಂಪಿಯನ್ ಉಂಗುರ ಸಿಕ್ತು ಅನ್ನಿ, ಹೆಚ್ಚುಕಮ್ಮಿ ಬೆಂಚಲ್ಲಿ ಕೂತೇ!) 2014ರಲ್ಲಿ ಡೆನ್ವರ್ 41ನೆಯವನಾಗಿ ನಿಕೊಲಾ ಯೋಕಿಚ್‌ನ ಆರಿಸಿ, ಇನ್ನೊಂದು ವರ್ಷ ಸರ್ಬಿಯಾದಲ್ಲೇ ಆಡಲಿಕ್ಕೆ ಬಿಡ್ತು. ಆಮೇಲೆ ಅವನು ಮೂರು ಸಲ ಎಂವಿಪಿ (ಲೀಗಿನ ವರ್ಷದ ಅತ್ಯುತ್ತಮ ಆಟಗಾರ) ಆದ. ಹೀಗೆ ಎರಡನೇ ಸುತ್ತಲ್ಲಿ ಸಿಕ್ಕವರಿಗೆ ಸಂಬಳದ ಖಾತ್ರಿ ಕೊಡಲೇಬೇಕು ಅಂತಿಲ್ಲ, ದುಡ್ಡು ಹೋದರೂ ಹೋಗೋದು ಕಮ್ಮಿ. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್, ಏಳಡಿ ಎರಡಿಂಚು, 2015ರಲ್ಲಿ 52ನೇ ಆಯ್ಕೆಯಾಗಿ ಡಲ್ಲಾಸ್ ಪಾಲಾದ. ಎನ್‌ಬಿಎ ಲೀಗ್ ಪಂದ್ಯ ಮಾತ್ರ ಒಂದೂ ಆಡಲಿಲ್ಲ.

ಮೈಸೂರಲ್ಲಿ ನಮ್ಮ ಕಾಲೇಜು ಟೀಮಲ್ಲಿ ಆರಡಿ ಐದಿಂಚಿನವನೊಬ್ಬ ಇದ್ದ. ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು) ಹಿಡಿದವನೇ ಚೆಂಡನ್ನ ಸೊಂಟದ ಮಟ್ಟಕ್ಕೆ ಇಳಿಸೋನು. ಅವನ ಕಂಕುಳಿಗೂ ಬಾರದ ಎದುರಾಳಿ ಗಾರ್ಡ್ ಆಟಗಾರ ಕಿತ್ಕೊಂಡು ಓಡೋನು. ಅದಕ್ಕೇ ನೀವು ಹೇಳಿದ ಹುಡುಗನ ವಿಡಿಯೊದಲ್ಲಿ ಡಂಕ್ (ಹಾರಿ ಚೆಂಡನ್ನ ಬುಟ್ಟಿಗೆ ತುರುಕೋದು) ಬಿಡಿ. ಚೆಂಡು ಸಿಕ್ಕಮೇಲೆ ಕೈ ಎಲ್ಲಿರುತ್ತೆ, ಪಿಕ್ ಅಂಡ್ ರೋಲ್‌ನಲ್ಲಿ (ಜೊತೆಗಾರನಿಗಾಗಿ ಎದುರಾಳಿಗೆ ಅಡ್ಡ ನಿಂತು ಬುಟ್ಟಿ ಕಡೆ ತಿರುಗಿ ಓಡೋ ಆಟ) ಕಾಲು ಎಷ್ಟು ಬೇಗ ಸರಿಯುತ್ತೆ, ಅಷ್ಟು ನೋಡಿ ಹೇಳಿ.